ಎಪ್ಪತ್ತೊಂದು ಪಾಸ್‌ಪೋರ್ಟಿನ ಬೀರು

ಕುವೈತ್
20 ಫೆಬ್ರವರಿ 2004, ಶುಕ್ರವಾರ

ಪ್ರೀತಿಯ ತಫೀದಾ ಅಕ್ಕನಿಗೆ ತಮ್ಮ ಅಯ್ಯಾದ್ ಬರೆಯುವುದು,

ನಾನು ಆರೋಗ್ಯವಾಗಿದ್ದೇನೆ. ಅಮ್ಮನ ಮಂಡಿನೋವಿಗೆ ಮುಲಾಮು, ನಿನಗೊಂದು ಉಣ್ಣೆ ಶಾಲು, ಈ ಕಾಗದ ತರುವ ನಸೀಫನ ಕೈಲಿ ಕಳಿಸಿದ್ದೇನೆ. ಶಾಲು ಕೊಡೋದು ಮರೆತೆ ಅಂದರೆ ಅವನ ಹೆಂಡತಿ ಹೆಗಲ ಮೇಲೆ ಹುಡುಕು.

ಒಂದು ಒಳ್ಳೆಯ ಸುದ್ದಿ. ನಾನೀಗ ಹಾಜರಿ ಬರೆಯುವ ಗುಮಾಸ್ತ ಮಾತ್ರ ಅಲ್ಲ. ಕಸದ ಲಾರಿಗಳ ಮೇಲೆ ದುಡಿಯುವವರ ಕಾಗದಪತ್ರವೆಲ್ಲ ನನ್ನ ಸುಪರ್ದಿಗೆ ಬಂದಿದೆ. ಒಟ್ಟು ಎಪ್ಪತ್ತೊಂದು ಜನ, ಹೆಚ್ಚಿನವರು ಬಾಂಗ್ಲಾದೇಶದವರು. ಅಷ್ಟೂ ಜನರ ಪಾಸ್‌ಪೋರ್ಟು ಒಂದು ಕಬ್ಬಿಣದ ಬೀರುವಿನಲ್ಲಿದೆ, ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ. ಮೊದಲಿದ್ದವನು ಹಳೇ ಪೇಪರ್ ಒಟ್ಟಿದ ಹಾಗೆ ಒಟ್ಟಿದ್ದ. ನಾನು ಒಂದೊಂದಕ್ಕೂ ಪ್ಲಾಸ್ಟಿಕ್ ಲಕೋಟೆ ಹಾಕಿ, ಮೇಲೆ ಹೆಸರು ಬರೆದು, ಮೂಲೆಮೂಲೆಗೆ ನುಸಿಗುಳಿಗೆ ಇಟ್ಟಿದ್ದೇನೆ. ನಮ್ಮ ಅಂಗಳದಲ್ಲಿ ಎಷ್ಟು ಜನರ ಕಾಗದ ಟೊಮೆಟೊ ಸಿಪ್ಪೆಯ ಜೊತೆ ಕೊಳೆತದ್ದನ್ನು ನಾವು ನೋಡಿಲ್ಲ ಹೇಳು. ಮದುವೆ ಪತ್ರ, ಸೈನ್ಯದ ಪತ್ರ, ಸತ್ತವರ ಪತ್ರ. ಕಸ ಹೆಕ್ಕುವ ಮನೆಯಲ್ಲಿ ಹುಟ್ಟಿದವನಿಗೆ ಒಂದು ಕಾಗದದ ಬೆಲೆ ಏನು ಅಂತ ಗೊತ್ತಿರುತ್ತೆ. ಈ ಜನ ಹತ್ತು ಮಂದಿ ಒಂದು ಕೋಣೆಯಲ್ಲಿ ಮಲಗುವವರು. ಅವರ ಹತ್ತಿರ ಇದ್ದರೆ ಆರು ತಿಂಗಳಲ್ಲಿ ಮಣ್ಣುಪಾಲು.

ಶುಕ್ರವಾರ ರಜೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ಆಫೀಸು ತೆರೆದು ಕೂರುತ್ತೇನೆ. ಬೇಕಾದವರು ಬಂದು ತಮ್ಮ ಪಾಸ್‌ಪೋರ್ಟು ನೋಡಿಕೊಂಡು ಹೋಗಬಹುದು. ಈ ಏರ್ಪಾಡು ನನ್ನದೇ, ಮೊದಲು ಇರಲಿಲ್ಲ. ತೊಫಜ್ಜಲ್ ಅಂತ ಒಬ್ಬ ತಪ್ಪದೆ ಬರುತ್ತಾನೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಳ್ಳುತ್ತಾನೆ, ನಿಂತಲ್ಲೇ ಎರಡು ನಿಮಿಷ ಪುಟ ತಿರುಗಿಸುತ್ತಾನೆ, ಸಲಾಂ ಮಾಡಿ ವಾಪಸ್ ಕೊಡುತ್ತಾನೆ. ಅವನ ಮುಖ ನೋಡಿದರೆ ನನಗೂ ಒಂಥರಾ ಸಮಾಧಾನ.

ಅಮ್ಮನಿಗೆ ಈ ಸುದ್ದಿ ಓದಿ ಹೇಳು.

ನಿನ್ನ ತಮ್ಮ
ಅಯ್ಯಾದ್ ಶಹಾತ


ಮುಕತ್ತಮ್, ಕೈರೋ
9 ಮಾರ್ಚ್ 2004

ಅಯ್ಯಾದ,

ಶಾಲು ಸಿಕ್ತು. ನಸೀಫನ ಹೆಂಡತಿ ಎರಡು ದಿನ ಹೊದ್ದಿದ್ದಾಳೆ ಅಂತ ಅದರ ವಾಸನೆನೇ ಹೇಳ್ತು, ಹೋಗ್ಲಿ ಬಿಡು.

ಫೋನ್ ಮಾಡ್ತೀನಿ ಅಂತ ಅವನ ಕೈಲಿ ಹೇಳಿ ಕಳ್ಸಿದ್ದೆಯಂತೆ. ಬೇಡ ಮಾರಾಯ. ಅಂಗಡಿ ಫೋನಲ್ಲಿ ಮಾತಾಡಿದ್ರೆ ಅರ್ಧ ಬೀದಿ ಕಿವಿ ನಿಮಿರಿಸ್ಕೊಂಡು ಕೂತಿರುತ್ತೆ. ನಾನು ಬೈಯೋಕೆ ಶುರು ಮಾಡೋಷ್ಟರಲ್ಲಿ ನಿನ್ನ ಕಾರ್ಡು ಮುಗಿದಿರುತ್ತೆ. ಕೋಳಿ ಕೆದರಿದ ಹಾಗಿದ್ರೂ ಚಿಂತೆ ಇಲ್ಲ, ಚರ್ಚಿನ ಶಾಲೇಲಿ ಕಲಿತ ಅಕ್ಷರದಲ್ಲೇ ಬೈತೀನಿ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಮಾಂಸ ಹಾಲು ಮುಟ್ಟೋ ಹಾಗಿಲ್ಲ, ಮೂರು ಹೊತ್ತೂ ಅವರೆಬೇಳೆ ಗಂಜಿ. ಅಮ್ಮ ನಿನ್ನ ಬೀರುವಿನ ಸುದ್ದೀನ ಪಾದ್ರಿಗಳಿಗೂ ಹೇಳಿ ಬಂದ್ಳು. ನನ್ನ ಮಗನ್ನ ನಂಬಿ ಎಪ್ಪತ್ತೊಂದು ಜನ ಕಾಗದ ಕೊಟ್ಟಿದ್ದಾರೆ ಅಂತ. ಇಲ್ಲಿ ವಿದೇಶಿ ಕಂಪನಿಯ ಹಸಿರು ಲಾರಿಗಳು ಕಸ ಎತ್ತೋಕೆ ನಮ್ಮ ಬೀದಿಗಳಿಗೇ ಬರೋಕೆ ಶುರು ಮಾಡಿವೆ. ಜಮಾಲೆಕ್‌ನ ಶ್ರೀಮಂತರ ನಾಲ್ಕು ಕಟ್ಟಡದ ಕಸ ಇನ್ನೂ ನಮ್ಮ ಕೈಲಿದೆ. ಪ್ಲಾಸ್ಟಿಕ್ಕು, ತಗಡು ಬೇರೆ ಮಾಡೋಕೆ ನಾನೂ ಇರೀನಿನೂ ಬೆಳಿಗ್ಗೆ ಕೂತ್ರೆ ಏಳೋದು ಮಧ್ಯಾಹ್ನಾನೇ.

ಒಂದು ಮಾತು ನನ್ನ ತಲೆಗೆ ಹೋಗ್ಲಿಲ್ಲ. ಆ ತೊಫಜ್ಜಲ್ ನೋಡ್ಬಿಟ್ಟು ವಾಪಸ್ ಯಾಕೆ ಕೊಡ್ತಾನೆ? ಅದು ಅವನದೇ ಅಲ್ವಾ?

ಇರೀನಿ ನಿಶ್ಚಿತಾರ್ಥ ಏಪ್ರಿಲ್ ಹದಿನೆಂಟಕ್ಕೆ, ಈಸ್ಟರ್ ಆದ ಭಾನುವಾರ. ನನ್ನ ಮಗಳಿಗೆ ಅಪ್ಪ ಇಲ್ಲ. ಸೋದರಮಾವ ಅಂತ ನೀನೇ ನಿಲ್ಬೇಕು. ನಮ್ಮಪ್ಪ ತೀರ್ಕೊಂಡಾಗ ನೀನು ಬರ್ಲಿಲ್ಲ, ಕೆಲಸ ಅಂದೆ. ಆ ಮಾತು ಎತ್ತಬಾರದು ಅಂತಿದ್ದೆ, ಎತ್ತಿಬಿಟ್ಟೆ. ಇದಕ್ಕಾದ್ರೂ ಬಾ.

ತಫೀದಾ


ಕುವೈತ್
26 ಮಾರ್ಚ್ 2004

ಅಕ್ಕ,

ನಿನ್ನ ಪ್ರಶ್ನೆಗೆ ಉತ್ತರ. ಪಾಸ್‌ಪೋರ್ಟು ಅವನದೇ. ಕಾಪಾಡುವುದು ಕಂಪನಿಯ ಜವಾಬ್ದಾರಿ. ಇಲ್ಲಿ ಎಲ್ಲ ಕಡೆ ನಡೆದು ಬಂದದ್ದು ಹೀಗೆ. ಬಲವಂತ ಯಾರೂ ಮಾಡಿಲ್ಲ. ಪ್ರತಿಯೊಬ್ಬನಿಂದ ಒಪ್ಪಿಗೆ ಪತ್ರ ಬರೆಸಿಕೊಂಡಿದ್ದೇವೆ, ಸಹಿ ಸಮೇತ ಕಡತದಲ್ಲಿದೆ. ಒಕ್ಕಣೆ ನನ್ನದೇ. ನೋಡು ಹೇಗಿದೆ:

"ಈ ಕೆಳಗೆ ಸಹಿ ಮಾಡಿರುವ ನಾನು, ಯಾವ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ, ನನ್ನ ಪಾಸ್‌ಪೋರ್ಟನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವಂತೆ ಕಂಪನಿಯನ್ನು ಕೋರಿಕೊಂಡಿರುತ್ತೇನೆ."

ನಮ್ಮ ಮ್ಯಾನೇಜರ್ ಮುನೀರ್ ಸಾಹೇಬರು ಇದನ್ನು ಓದಿ, ವಕೀಲನಿಗೂ ಹೀಗೆ ಬರೆಯೋಕೆ ಬರಲ್ಲ ಕಣಯ್ಯ ಅಂದರು.

ತೊಫಜ್ಜಲ್ ಹೋದ ಶುಕ್ರವಾರ ವಾಪಸ್ ಕೊಡುವಾಗ, ಊರಿಗೆ ಹೋಗಬೇಕು ಭಾಯ್ ಅಂದ. ಎರಡು ವರ್ಷದ ಕರಾರಿಗೆ ಬಂದವನು, ಐದು ವರ್ಷ ಆಯಿತು. ಅವನು ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಊರಿನಲ್ಲಿ ಅವನಿಗೊಂದು ಹೆಣ್ಣು ಮಗು ಹುಟ್ಟಿದೆ, ಇನ್ನೂ ಮುಖ ನೋಡಿಲ್ಲ. ಮುನೀರ್ ಸಾಹೇಬರನ್ನು ಕೇಳಿದೆ. ಬದಲಿ ಜನ ಬರಲಿ, ಬೇಸಿಗೆ ಕಳೆಯಲಿ ನೋಡೋಣ ಅಂದರು. ಅವನಿಗೂ ಹಾಗೆಯೇ ಹೇಳಿದ್ದೇನೆ. ಕಂಪನಿ ನಡೆಸುವವರ ಕಷ್ಟವನ್ನೂ ನೋಡಬೇಕಲ್ಲ.

ಇರೀನಿಯ ನಿಶ್ಚಿತಾರ್ಥಕ್ಕೆ ಬರಲು ರಜೆ ಸಿಗುವ ಹಾಗಿಲ್ಲ. ಹೊಸ ಜವಾಬ್ದಾರಿ, ಬಿಟ್ಟು ಬರಲಾಗುವುದಿಲ್ಲ. ಅವಳಿಗೆ ಬೇಜಾರು ಮಾಡಿಕೊಳ್ಳಬೇಡ ಅಂತ ಹೇಳು. ನೀನು ಮುಕತ್ತಮ್ ಬೆಟ್ಟದ ಮೇಲೆ ಕೂತು ಇಲ್ಲಿಯ ವ್ಯವಹಾರ ಅಳೆಯಬೇಡ.

ಅಯ್ಯಾದ್


ಮುಕತ್ತಮ್, ಕೈರೋ
22 ಏಪ್ರಿಲ್ 2004

ಅಯ್ಯಾದ,

ನಿಶ್ಚಿತಾರ್ಥ ಆಯ್ತು. ನೀನು ನಿಲ್ಬೇಕಾದ ಜಾಗದಲ್ಲಿ ಪಕ್ಕದ ಮನೆ ಅಬ್ದುಲ್ ಮಸೀಹ್ ನಿಂತ. ಪಾಪ, ತನ್ನ ಮಗಳ ಮದುವೆಗೆ ಹೊಲಿಸಿದ್ದ ಕೋಟು ಹಾಕ್ಕೊಂಡು ಬಂದಿದ್ದ, ಗುಂಡಿ ಹಾಕೋಕೆ ಬರ್ತಿರ್ಲಿಲ್ಲ. ಹುಡುಗನ ಕಡೆಯೋರು, ಮಾವ ಎಲ್ಲಿ ಅಂತ ಮೂರು ಸಲ ಕೇಳಿದ್ರು. ಕುವೈತಲ್ಲಿ ಬೀರು ಕಾಯ್ತಿದ್ದಾನೆ ಅಂದೆ.

ನಿನ್ನ ಒಪ್ಪಿಗೆ ಪತ್ರ ಎರಡು ಸಲ ಓದಿದೆ. ಚೆನ್ನಾಗಿದೆ, ಪಾದ್ರಿಗಳ ಪ್ರಸಂಗ ಇದ್ದ ಹಾಗಿದೆ. ಬಾಂಗ್ಲಾದೋರಿಗೆ ಅರಬ್ಬೀ ಓದೋಕೆ ಬರುತ್ತಾ? ನೀನು ಅವರಿಗೆ ಅರ್ಥ ಆಗೋ ಹಾಗೆ ಬಿಡಿಸಿ ಹೇಳಿದ್ಯಾ?

ಕಾಗದದ ಬೆಲೆ ನನಗೆ ಗೊತ್ತು ಅಂತ ಬರೀತೀಯಲ್ಲ, ಅಪ್ಪ ನಿನಗೆ ಕಲಿಸಿದ್ದು ಅರ್ಧ ಮಾತ್ರ ನೆನಪಿಟ್ಕೊಂಡಿದ್ದೀಯ. ಫೋಟೋ ಇರೋ ಕಾಗದ ಸಿಕ್ರೆ ರದ್ದಿ ಚೀಲಕ್ಕೆ ಹಾಕ್ಬಾರ್ದು ಅಂತ ಅಪ್ಪ ಹೇಳ್ತಿದ್ದ, ಸರಿ. ಮರಿಯಮ್ಮನ ಪಟದ ಕೆಳಗೆ ಇಡ್ತಿದ್ದ, ಸರಿ. ಆಮೇಲೆ ಏನ್ ಮಾಡ್ತಿದ್ದ? ಆ ಎಂಜಿನಿಯರ್ ಪಾಸ್‌ಪೋರ್ಟು ಸಿಕ್ಕಿದಾಗ, ಜ್ವರ ಮೈಮೇಲೆ ಇಟ್ಕೊಂಡು ನಾಲ್ಕು ಸಲ ಜಮಾಲೆಕ್‌ಗೆ ಹೋದ. ಎಂಟನೇ ಮಹಡಿ, ಲಿಫ್ಟಿಗೆ ಬಿಡ್ಲಿಲ್ಲ. ಕಾವಲಿನೋನು, ನನ್ನ ಕೈಗೆ ಕೊಡು ನಾನು ಕೊಡ್ತೀನಿ ಅಂದ್ರೂ ಕೊಡ್ಲಿಲ್ಲ. ಎಂಜಿನಿಯರ್ ಹೆಂಡತಿ ಮೂಗು ಮುಚ್ಕೊಂಡು ಬಾಗಿಲು ತೆಗೆದ್ಲು, ಅಪ್ಪ ದೂರದಿಂದಾನೇ ಕೈ ಚಾಚಿ ಕೊಟ್ಟು ಬಂದ. ಅಪ್ಪ ಎತ್ತಿಡ್ತಿದ್ದದ್ದು ವಾಪಸ್ ಕೊಡೋಕೆ ಕಣೋ. ಕೇಳ್ಕೊಂಡು ಬಂದೋನಿಗೆ ಬೇಸಿಗೆ ಕಳೀಲಿ ಅಂತ ಅಪ್ಪ ಯಾವತ್ತಾದ್ರೂ ಅಂದಿದ್ನಾ?

ನೀನು ಇಟ್ಟಿರೋದು ಒಪ್ಪವಾಗೇ ಇರಬಹುದು. ಕೇಳಿದ್ರೆ ಕೊಡದೇ ಇರೋ ಸಾಮಾನನ್ನ ನಮ್ಮ ಬೀದೀಲಿ ಕದ್ದ ಮಾಲು ಅಂತಾರೆ.

ಇನ್ನೊಂದು. ಇದನ್ನ ಕೇಳಬೇಕು ಅಂತ ಮೂರು ದಿನದಿಂದ ಯೋಚನೆ ಮಾಡ್ತಿದ್ದೀನಿ. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?

ತಫೀದಾ


ಕುವೈತ್
30 ಜುಲೈ 2004

ಅಕ್ಕನಿಗೆ,

ನಿನ್ನ ಕಾಗದ ತಲುಪಿತ್ತು. ಕೆಲಸದ ಒತ್ತಡದಲ್ಲಿ ಬರೆಯಲಾಗಲಿಲ್ಲ. ಇಲ್ಲಿ ಬಿಸಿಲು ಐವತ್ತು ಮುಟ್ಟಿದೆ. ಲಾರಿಯ ಹಿಡಿಕೆ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತೆ. ಇರೀನಿಗೆ ಒಂದು ಕೈಗಡಿಯಾರ, ಅಮ್ಮನಿಗೆ ಖರ್ಜೂರ ಕಳಿಸಿದ್ದೇನೆ. ಅಮ್ಮ ಮಾತ್ರೆ ಸರಿಯಾಗಿ ನುಂಗುತ್ತಿದ್ದಾಳೆಯೇ? ಜಮಾಲೆಕ್ ಕಟ್ಟಡಗಳು ಇನ್ನೂ ನಿಮ್ಮ ಕೈಲೇ ಇವೆಯೇ?

ತೊಫಜ್ಜಲ್ ಈಗ ಶುಕ್ರವಾರ ಬರುವುದಿಲ್ಲ. ಎರಡು ಸಲ ನಾನೇ ಹೇಳಿ ಕಳಿಸಿದೆ. ನೋಡಿ ಏನು ಮಾಡಲಿ ಅಂದನಂತೆ.

ಉಳಿದಂತೆ ಎಲ್ಲ ಸರಿಯಾಗಿದೆ.

ಅಯ್ಯಾದ್


ಮುಕತ್ತಮ್, ಕೈರೋ
15 ಆಗಸ್ಟ್ 2004

ಅಯ್ಯಾದ,

ಗಡಿಯಾರ ಸಿಕ್ತು, ಖರ್ಜೂರ ಸಿಕ್ತು. ಕಟ್ಟಡಗಳಲ್ಲಿ ಎರಡು ಹೋದವು, ಎರಡು ಉಳಿದಿವೆ. ಅಮ್ಮ ಚೆನ್ನಾಗಿದ್ದಾಳೆ.

ಬಿಸಿಲಿನ ಸುದ್ದಿ ರೇಡಿಯೋಲೂ ಬರುತ್ತೆ. ನಾನು ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ. ಮತ್ತೆ ಕೇಳ್ತಿದ್ದೀನಿ.

ತಫೀದಾ


ಕುವೈತ್
3 ಸೆಪ್ಟೆಂಬರ್ 2004

ಅಕ್ಕ,

ಮುನೀರ್ ಸಾಹೇಬರ ತಿಜೋರಿಯಲ್ಲಿದೆ. ನಾನು ಬಂದ ದಿನವೇ ತೆಗೆದುಕೊಂಡರು. ಆರು ವರ್ಷ ಆಯಿತು. ಆಫೀಸಿನವರದ್ದು ಅವರ ಹತ್ತಿರ, ಲಾರಿಯವರದ್ದು ನನ್ನ ಹತ್ತಿರ. ನಾನೂ ಒಂದು ಪತ್ರಕ್ಕೆ ಸಹಿ ಹಾಕಿದ್ದೇನೆ. ನನಗೆ ಅರಬ್ಬೀ ಓದಲು ಬರುತ್ತೆ, ಆದ್ದರಿಂದ ಗೊತ್ತಿರಲಿಲ್ಲ ಅಂತ ಹೇಳುವ ಹಾಗೂ ಇಲ್ಲ.

ಒಂದೇ ಒಂದು ಸಲ ಕೇಳಿದ್ದೆ. 2001ರ ನವೆಂಬರ್‌ನಲ್ಲಿ, ಅಪ್ಪ ಹೋದ ಅಂತ ನೀನು ಫೋನ್ ಮಾಡಿದ ದಿನ. ಅವತ್ತು ಸಂಜೆಗೆ ವಿಮಾನ ಇತ್ತು, ಟಿಕೆಟ್ಟೂ ಇತ್ತು. ಮುನೀರ್ ಸಾಹೇಬರು, ಈಗ ತಿಂಗಳ ಕೊನೆ, ನೀನು ಹೋದರೆ ಹಾಜರಿ ಪುಸ್ತಕ ಯಾರು ಮುಗಿಸ್ತಾರೆ, ಹೋದವನು ಹೋದ, ನೀನು ಹೋಗಿ ಎಬ್ಬಿಸ್ತೀಯಾ ಅಂದರು. ಹೋಗಿ ಹಾಜರಿ ಬರೆದೆ. ಕೆಲಸ ಇದೆ ಅಂತ ನಿನಗೆ ಹೇಳಿದೆ. ಪಾಸ್‌ಪೋರ್ಟು ಕೊಡಲಿಲ್ಲ ಅಂತ ಹೇಳಲು ನಾಚಿಕೆಯಾಯಿತು. ಊರಲ್ಲಿ ಎಲ್ಲರೂ ನನ್ನನ್ನು ದೊಡ್ಡ ಸಾಹೇಬ ಅಂದುಕೊಂಡಿದ್ದರು. ಅಪ್ಪನ ಮಣ್ಣಿಗೆ ಬರಲು ಇನ್ನೊಬ್ಬನ ಅಪ್ಪಣೆ ಬೇಕಾದವನು ಯಾವ ಸಾಹೇಬ ಹೇಳು. ನನಗೆ ಬೀಗದ ಕೈ ಕೊಟ್ಟಾಗ ಅದಕ್ಕೇ ಅಷ್ಟು ಖುಷಿಯಾಗಿದ್ದು ಅಂತ ಈಗ ಅನಿಸುತ್ತೆ.

ನೀನು ಏಪ್ರಿಲ್‌ನಲ್ಲಿ ಬರೆದ ಕಾಗದ ನನ್ನ ದಿಂಬಿನ ಕೆಳಗಿದೆ. ಸಿಟ್ಟು ಬಂದಿತ್ತು. ಅಕ್ಕನಿಗೆ ನನ್ನ ಏಳಿಗೆ ಕಂಡು ಹೊಟ್ಟೆಕಿಚ್ಚು ಅಂತ ಕೂಡ ಅಂದುಕೊಂಡೆ. ಮನ್ನಿಸು.

ಇಲ್ಲಿ ಒಂದು ವಿಷಯ ನಡೆಯುತ್ತಿದೆ. ಒಂದು ದೊಡ್ಡ ತೈಲ ಕಂಪನಿಯ ಕಸ ಸಾಗಿಸುವ ಗುತ್ತಿಗೆ ನಮಗೆ ಸಿಗುವ ಹಾಗಿದೆ. ಕೆಲಸಗಾರರ ಪಾಸ್‌ಪೋರ್ಟು ಅವರವರ ಕೈಯಲ್ಲೇ ಇರಬೇಕು, ಯಾರನ್ನೂ ಹಿಡಿದಿಟ್ಟು ದುಡಿಸಬಾರದು ಅನ್ನುವುದು ಅವರ ಷರತ್ತು. ಇದೇ 25ನೇ ತಾರೀಕು ಶನಿವಾರ ಅವರ ಕಡೆಯ ಒಬ್ಬ ಹೆಂಗಸು ಬಂದು ಕೆಲಸಗಾರರನ್ನು ವಿಚಾರಿಸುತ್ತಾಳೆ. ಮುನೀರ್ ಸಾಹೇಬರು ನನಗೆ ಹೇಳಿದ್ದು ಹೀಗೆ: ಬೆಳಿಗ್ಗೆ ಎಲ್ಲರಿಗೂ ಹಂಚು, ಅವಳು ಹೋದ ಮೇಲೆ ಸಂಜೆ ವಾಪಸ್ ತಗೋ, ಒಂದೂ ಕಡಿಮೆ ಆಗಬಾರದು.

ಏನು ಮಾಡಲಿ ಅಂತ ನಿನ್ನನ್ನು ಕೇಳುತ್ತಿಲ್ಲ. ಸುಮ್ಮನೆ ಬರೆದೆ.

ಅಯ್ಯಾದ್


ಮುಕತ್ತಮ್, ಕೈರೋ
14 ಸೆಪ್ಟೆಂಬರ್ 2004

ನನ್ನ ತಮ್ಮ ಅಯ್ಯಾದನಿಗೆ,

ಈ ಕಾಗದ ವಿಮಾನಕ್ಕೆ ಹೋಗ್ತಿರೋ ನಸೀಫನ ಭಾವನ ಜೇಬಿಗೆ ತುರುಕಿದ್ದೀನಿ. ಇಪ್ಪತ್ತೈದರೊಳಗೆ ಕೊಡದಿದ್ರೆ ಅವನ ಹೆಂಡತಿಗೆ ಏನೇನು ಹೇಳ್ಬೇಕೋ ಹೇಳ್ತೀನಿ ಅಂದಿದ್ದೀನಿ. ಕೊಡ್ತಾನೆ.

ಮೂರು ವರ್ಷ ನಾನು ಏನು ಮಾಡ್ದೆ ಅಂತ ನಿನಗೆ ಗೊತ್ತಾಗ್ಲಿ. ಅಪ್ಪನ ಹೆಣದ ಮುಂದೆ ಕೂತು, ಅಯ್ಯಾದನಿಗೆ ಅಪ್ಪನಿಗಿಂತ ಕೆಲಸ ಹೆಚ್ಚಾಯ್ತು ಅಂತ ಬಂದೋರಿಗೆಲ್ಲ ಹೇಳ್ದೆ. ನಲವತ್ತನೇ ದಿನದ ಪೂಜೇಲೂ ಹೇಳ್ದೆ. ಪ್ರತೀ ವರ್ಷ ಹೇಳ್ದೆ. ನಿನ್ನೆ ನಿನ್ನ ಕಾಗದ ಓದ್ಬಿಟ್ಟು ಹಂದಿ ಕೊಟ್ಟಿಗೇಲಿ ಕೂತು ಅತ್ತೆ, ಅಮ್ಮನಿಗೆ ಕಾಣ್ಬಾರ್ದು ಅಂತ. ಆಮೇಲೆ ಅಮ್ಮನಿಗೇ ಓದಿ ಹೇಳ್ದೆ. ಅವಳು ಅಳ್ಲಿಲ್ಲ. ಆ ಮುನೀರನ ತಾಯಿ ಹೆಸರೇನು ಕೇಳು, ನಾನು ಅವಳಿಗೆ ಹೇಳ್ಕೊಳ್ಳೋದಿದೆ ಅಂದ್ಳು. ಇವತ್ತಿಂದ ನಾನು ಮನೆ ಮನೆಗೆ ಹೋಗಿ, ನಾನು ಹೇಳಿದ್ದು ಸುಳ್ಳು ಅಂತ ಹೇಳಿ ಬರ್ತಿದ್ದೀನಿ. ಹನ್ನೊಂದು ಮನೆ ಆಯ್ತು.

ಏನು ಮಾಡ್ಲಿ ಅಂತ ಕೇಳ್ತಿಲ್ಲ ಅಂತ ಬರ್ದಿದ್ದೀಯ. ಕೇಳಿದ್ದೀಯ ಅಂತಾನೇ ತಿಳ್ಕೊಂಡು ಹೇಳ್ತೀನಿ. ಬೀರು ಒಡೆಯೋದು ಬೇಡ, ಜಗಳ ಆಡೋದು ಬೇಡ. ಅವತ್ತು ಬೆಳಿಗ್ಗೆ ಅವರವರ ಕೈಗೆ ಹೋಗುತ್ತಲ್ಲ. ಸಂಜೆ ನೀನು ಕೇಳ್ಬೇಡ. ಅಷ್ಟೇ.

ನಿನ್ನ ಕೆಲಸ ಹೋಗುತ್ತೆ. ಗೊತ್ತು ನನಗೆ. ಇಲ್ಲಿ ಎರಡು ಕಟ್ಟಡ ಇದೆ, ತಗಡು ಬಡಿಯೋಕೆ ಒಬ್ಬ ಆಳು ಬೇಕಾಗಿದ್ದಾನೆ. ಗಡಿಯಾರ ಗಿಡಿಯಾರ ಏನೂ ತರ್ಬೇಡ. ಬರಿಗೈಲಿ ಬಾ.

ನಿನ್ನ ಅಕ್ಕ
ತಫೀದಾ


ಕುವೈತ್, ಕಾರ್ಮಿಕ ಕಚೇರಿ
10 ಅಕ್ಟೋಬರ್ 2004, ಭಾನುವಾರ

ಅಕ್ಕ,

ಇಲ್ಲಿಯ ಬೆಂಚಿನ ಮೇಲೆ ಕೂತು, ಮಂಡಿ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ನಿನ್ನದರ ಹಾಗೆ ಬಂದರೆ ನಗಬೇಡ.

ಆ 25ನೇ ತಾರೀಕು ಶನಿವಾರ ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಹಂಚಿದೆ. ಆ ಹೆಂಗಸು ಹತ್ತು ಗಂಟೆಗೆ ಬಂದಳು, ಜೊತೆಗೆ ಬಂಗಾಳಿ ಮಾತಾಡುವ ಒಬ್ಬನಿದ್ದ. ಎಂಟು ಜನರನ್ನು ಕರೆದು ಕೇಳಿದಳು. ನಿನ್ನ ಪಾಸ್‌ಪೋರ್ಟು ಯಾರ ಹತ್ತಿರ ಇದೆ? ನನ್ನ ಹತ್ತಿರವೇ, ಅಂತ ಎಲ್ಲರೂ ಹೇಳಿಕೊಟ್ಟ ಹಾಗೆ ಹೇಳಿ ಜೇಬಿನಿಂದ ತೆಗೆದು ತೋರಿಸಿದರು. ತೊಫಜ್ಜಲ್ ಕೂಡ. ಅವಳು ಬರೆದುಕೊಂಡು, ಚಹ ಕುಡಿದು, ಎರಡು ಗಂಟೆಗೆ ಹೋದಳು. ಮುನೀರ್ ಸಾಹೇಬರು ಅವಳ ಹಿಂದೆಯೇ ಊರೊಳಗೆ ಹೊರಟರು. ಹೋಗುವಾಗ ನನ್ನ ಕಡೆ ನೋಡಿ ಬೆರಳು ತಿರುಗಿಸಿ ಬೀಗ ಹಾಕುವ ಸನ್ನೆ ಮಾಡಿದರು.

ನಾನು ಆಫೀಸಿಗೆ ಬೀಗ ಹಾಕಿ ಅಂಗಳದಲ್ಲಿ ನೀರಿನ ತೊಟ್ಟಿಯ ಹತ್ತಿರ ಹೋಗಿ ಕೂತೆ. ಕೇಳಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಕೇಳುವ ಅಗತ್ಯವೇ ಬೀಳಲಿಲ್ಲ ಅಕ್ಕ. ಐದು ಗಂಟೆಗೆ ಕೈಕಾಲು ತೊಳೆದುಕೊಂಡು ಅವರೇ ಬಂದರು. ಯಾರೂ ಕರೆದಿರಲಿಲ್ಲ. ಆಫೀಸಿನ ಬಾಗಿಲಿನಿಂದ ಗೇಟಿನವರೆಗೆ ಸಾಲಾಗಿ ನಿಂತರು, ಒಬ್ಬೊಬ್ಬರ ಕೈಯಲ್ಲೂ ನಾನು ಹೆಸರು ಬರೆದು ಕೊಟ್ಟ ಆ ಲಕೋಟೆ. ಬೀಗ ಹಾಕಿದ್ದು ನೋಡಿ, ಸಾಲು ತಿರುಗಿ ನನ್ನ ಹತ್ತಿರ ಬಂತು. ಮುಂದಿದ್ದವನು ಎರಡೂ ಕೈಯಲ್ಲಿ ಹಿಡಿದು ಕೊಡಲು ಬಂದ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಇದನ್ನು ಅವರಿಗೆ ಅಭ್ಯಾಸ ಮಾಡಿಸಿದವನು ನಾನು. ಪ್ರತಿ ಶುಕ್ರವಾರ, ಹತ್ತರಿಂದ ಹನ್ನೊಂದು.

ತಗೊಳ್ಳಲ್ಲ ಅಂದೆ. ನನಗೆ ಸಿಟ್ಟು ಬಂದಿದೆ ಅಂದುಕೊಂಡರು. ಒಬ್ಬ, ನಮ್ಮನ್ನ ಕೆಲಸದಿಂದ ತೆಗೆದ್ರಾ ಅಂತ ಕೇಳಿದ. ಆಗ ಅವರನ್ನು ಕೂರಿಸಿ, ಅವರು ಸಹಿ ಹಾಕಿದ ಪತ್ರದಲ್ಲಿ ಏನಿದೆ ಅಂತ ನನಗೆ ಬರುವ ಹರುಕುಮುರುಕು ಹಿಂದಿಯಲ್ಲಿ ಹೇಳಿದೆ. ನೀವೇ ಕೋರಿಕೊಂಡಿದ್ದೀರಿ ಅಂತ ಬರೆದಿದೆ, ಬರೆದವನು ನಾನು ಅಂದೆ. ಹಿಂದೆ ಯಾರೋ ನಕ್ಕರು.

ತೊಫಜ್ಜಲ್ ಎದ್ದು ಬಂದು ತನ್ನದನ್ನು ನನ್ನ ಕೈಗಿಟ್ಟ. ನಾನು ಅವನ ಜೇಬಿಗೆ ಹಾಕಿದೆ. ಅವನು ತೆಗೆದು ಮತ್ತೆ ತೊಟ್ಟಿಯ ಕಟ್ಟೆ ಮೇಲಿಟ್ಟ.

"ಭಾಯ್, ನಾಳೆ ನಮಗೆ ತೊಂದರೆ ಆಗುತ್ತೆ."

"ಆಗುತ್ತೆ. ನನಗೂ ಆಗುತ್ತೆ. ಆದ್ರೆ ಇದು ನಿನ್ನ ಹತ್ರ ಇದ್ರೆ, ತೊಂದರೆ ಆದ ದಿನ ನೀನು ಮನೆಗೆ ಹೋಗಬಹುದು."

"ಐದು ವರ್ಷದಿಂದ ಇದನ್ನ ಯಾಕೆ ಹೇಳ್ಲಿಲ್ಲ?" ಅಂದ. ಅವನು ಪಾಸ್‌ಪೋರ್ಟು ಎತ್ತಿಕೊಂಡು ಅಂಗಿಯ ಒಳಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಹತ್ತೊಂಬತ್ತು ಜನ ಹೆದರಿ, ತಾವಾಗಿಯೇ ಹೋಗಿ ಮುನೀರ್ ಸಾಹೇಬರಿಗೆ ಕೊಟ್ಟರು. ಐವತ್ತೆರಡು ಜನ ಕೊಡಲಿಲ್ಲ. ಉಳಿದವು ಎಲ್ಲಿ ಅಂತ ಸಾಹೇಬರು ಕೇಳಿದಾಗ, ಅವರವರ ಹತ್ತಿರ ಇದೆ, ನೀವು ಆ ಹೆಂಗಸಿಗೆ ಹೇಳಿದ ಹಾಗೆಯೇ ಅಂದೆ. ನನ್ನನ್ನು ಆಗಲೇ ಹೊರಗೆ ಹಾಕಿದರು. ನಾನು ನನ್ನದನ್ನು ಕೊಡಿ ಅಂದೆ. ಓಡಿಹೋದವನು ಅಂತ ಪೊಲೀಸರಿಗೆ ಬರೆದುಕೊಡ್ತೀನಿ, ಆಮೇಲೆ ಕೇಳು ಅಂದರು. ಆ ಹೆಂಗಸು ಹೋಗುವಾಗ ಕೆಲಸಗಾರರಿಗೆಲ್ಲ ಒಂದು ಚೀಟಿ ಹಂಚಿದ್ದಳು, ಅದರಲ್ಲಿ ಫೋನ್ ನಂಬರಿತ್ತು. ಅದಕ್ಕೆ ಫೋನ್ ಮಾಡಿ ಎಲ್ಲಾ ಹೇಳಿದೆ, ಪತ್ರ ಬರೆದವನು ನಾನೇ ಅನ್ನುವುದನ್ನೂ ಹೇಳಿದೆ. ಆ ಹತ್ತೊಂಬತ್ತನ್ನು ಕಂಪನಿ ವಾರದೊಳಗೆ ವಾಪಸ್ ಕೊಡಬೇಕಾಯಿತು. ಗುತ್ತಿಗೆಯ ಮಾತನ್ನು ಸದ್ಯಕ್ಕೆ ಮುಂದೂಡಿದ್ದಾರೆ.

ತೊಫಜ್ಜಲ್ ಮೊನ್ನೆ ಶುಕ್ರವಾರ ಊರಿಗೆ ಹೋದ. ಅವರ ರಾಯಭಾರ ಕಚೇರಿಯವರು ಉಳಿದ ಕಾಗದ ಮಾಡಿಕೊಟ್ಟರಂತೆ. ನನಗೆ ಹೇಳಿ ಹೋಗಲಿಲ್ಲ. ಹೇಳಬೇಕಿತ್ತು ಅಂತ ನನಗೇನೂ ಇಲ್ಲ. ಇಷ್ಟು ಹೊತ್ತಿಗೆ ಮಗಳನ್ನು ನೋಡಿರುತ್ತಾನೆ.

ನಾನು ನಮ್ಮ ದೇಶದವನೇ ಆದ ಒಬ್ಬ ನೂಬಿ ಜನಾಂಗದ ಅಡುಗೆಯವನ ಕೋಣೆಯಲ್ಲಿ ಮಲಗುತ್ತಿದ್ದೇನೆ. ಊಟಕ್ಕೆ ತೊಂದರೆ ಇಲ್ಲ, ಅಮ್ಮನಿಗೆ ಹೇಳು. ಬೆಳಿಗ್ಗೆ ಏಳಕ್ಕೇ ಇಲ್ಲಿಗೆ ಬಂದೆ. ಚೀಟಿ ಕೊಡುವವನು ಏನು ದೂರು ಅಂತ ಕೇಳಿದ. ದಾರಿಯುದ್ದಕ್ಕೂ ಚೆಂದದ ಒಕ್ಕಣೆ ಹೊಂದಿಸಿಕೊಂಡು ಬಂದಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ನನ್ನ ಪಾಸ್‌ಪೋರ್ಟು ಬೇಕು, ಮನೆಗೆ ಹೋಗಬೇಕು ಅಂದೆ. ಬರೆದುಕೊಂಡ. ನನ್ನ ಮುಂದೆ ಇಪ್ಪತ್ತಾರು ಜನ ಇದ್ದಾರೆ, ಎಲ್ಲರೂ ಇದನ್ನೇ ಕೇಳಲು ಬಂದವರು. ಸಾಲು ನಿಧಾನವಾಗಿ ಮುಂದಕ್ಕೆ ಹೋಗುತ್ತಿದೆ.

ಅಯ್ಯಾದ್